ಹನ್ನೊಂದನೇ ಹೆಸರು

ಆಲೇಖ್ಯ ನನ್ನ ವ್ಯಾನಿನ ಮುಂದಿನ ಸೀಟಿಗೆ ಮೊದಲ ಸಲ ಹತ್ತಿದ್ದು ಬೈಯಲಿಕ್ಕೆ.

"ಪೇಷಂಟುಗಳ ಹತ್ರ ಏನಂದೆ? ಈ ಗಾಡಿ ಹುಸೇನ್ ಸಾಗರದ ಮೇಲೆ ತೇಲ್ಕೊಂಡ್ ಬಂತು ಅಂತಾನಾ?"

"ತೇಲಿಲ್ಲ ಮೇಡಂ. ಈಜಿತು."

ತುಟಿ ಕಚ್ಚಿಕೊಂಡು ಅತ್ತ ತಿರುಗಿದಳು. ಕಿಟಕಿ ಗಾಜಿನಲ್ಲಿ ನಗು ಸಿಕ್ಕಿಬಿತ್ತು. ಆ ನಗುವಿಗಾಗಿ ಮೂರು ತಿಂಗಳು ದಿನಕ್ಕೊಂದು ಸುಳ್ಳು ಹೊಸೆದೆ. ಮೇಡಂ ಹೋಗಿ ಆಲೇಖ್ಯ ಆಯಿತು, ಡ್ರೈವರ್ ಹೋಗಿ ಸದಾನಂದಂ ಆಯಿತು.

ರೋಗಿಗಳನ್ನು ಮನೆಯಿಂದ ಡಯಾಲಿಸಿಸ್ ಸೆಂಟರಿಗೆ ತರುವುದು ನನ್ನ ಕೆಲಸ. ಒಂದು ಸುತ್ತಿನಲ್ಲಿ ನಾಲ್ಕು ಜನ. ಯಾರು ಮೊದಲು ಎಂದು ನರ್ಸಮ್ಮ ಕೈಯಲ್ಲೇ ಬರೆದುಕೊಡುತ್ತಿದ್ದರು. ಅದಕ್ಕೀಗ ಸೆಂಟರಿನ ಕಂಪ್ಯೂಟರ್ ನೋಡಿಕೊಳ್ಳುವ ಆಲೇಖ್ಯ ಜಾವಾದಲ್ಲಿ ಪ್ರೋಗ್ರಾಂ ಬರೆದಳು. ನರ್ಸಮ್ಮ ಹಾಕಿದ ಅಪಾಯದ ಅಂಕೆ ಯಾರಿಗೆ ಹೆಚ್ಚೋ ಅವರ ಹೆಸರು ಮೇಲೆ.

ಸೋಮವಾರ ಮೊದಲ ಪಟ್ಟಿ ಬಂತು. ಹನ್ನೊಂದನೆಯದು, ಕೊನೆಯದು, ಹೊಸದಾಗಿ ಸೇರಿದ ಬಾಲಮಣಮ್ಮ. ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದರು.

"ಎಷ್ಟೊತ್ತಾಗತ್ತೆ ನಾಯನಾ? ಎದೆ ಒಂಥರಾ ಆಗ್ತಿದೆ."

"ಹಾರ್ಕೊಂಡ್ ಬರ್ತೀನಮ್ಮಾ. ರೆಕ್ಕೆಗೆ ಎಣ್ಣೆ ಬಿಡ್ತಿದೀನಿ."

ನಕ್ಕರು. ಮೂರನೇ ಸುತ್ತಿಗೆ ನಾನು ಬೋರಬಂಡದ ಅವರ ಮನೆ ಮುಟ್ಟಿದಾಗ ಮೆಟ್ಟಿಲ ಮೇಲೆ ಒರಗಿ ಕೂತಿದ್ದರು, ಮಡಿಲಲ್ಲಿ ಟಿಫನ್ ಚೀಲ. ಕರೆದೆ. ಮುಟ್ಟಿದೆ. ಮೈ ತಣ್ಣಗಾಗಿತ್ತು.

ಮಧ್ಯಾಹ್ನ ಆಲೇಖ್ಯ ಪಟ್ಟಿ ಹಿಡಿದು ವ್ಯಾನಿನ ಹತ್ತಿರ ಬಂದಳು.

"ಅವರ ಅಂಕೆ ನೋಡು. ಎಲ್ಲರಿಗಿಂತ ಜಾಸ್ತಿ. ಮೊದಲನೇ ಹೆಸರಾಗ್ಬೇಕಿತ್ತು."

"ಮತ್ತೆ?"

"ಅಂಕೆ ಪ್ರಕಾರ ಜೋಡ್ಸೋಕೆ ಜಾವಾದ ಸ್ಟ್ರೀಮ್ ಹಾಕಿ ಪಟ್ಟೀನ ಸಾರ್ಟ್ ಮಾಡ್ದೆ. ಅದು ಹಳೇ ಪಟ್ಟೀನ ಮುಟ್ಟಲ್ಲ, ಜೋಡ್ಸಿದ್ದನ್ನ ಬೇರೆ ಕೊಡತ್ತೆ. ಅದನ್ನ ನಾನು ಇಟ್ಕೊಳ್ಳಲೇ ಇಲ್ಲ. ಹಳೇದೇ ಪ್ರಿಂಟ್ ಆಯ್ತು, ಯಾರು ಮೊದಲು ಸೇರಿದ್ರೋ ಆ ಲೆಕ್ಕದಲ್ಲಿ."

"ಮೊದ್ಲೇ ನೋಡ್ಲಿಲ್ವಾ?"

"ಐದು ಸುಳ್ಳು ಹೆಸರು ಹಾಕಿ ನೋಡ್ದೆ. ಬರೆಯೋವಾಗ್ಲೇ ಜಾಸ್ತಿ ಇರೋರನ್ನ ಮೇಲೆ ಬರ್ದಿದ್ದೆ. ಸರಿಯಾಗೇ ಕಾಣ್ತು. ಈಗ ತಿದ್ದಿದೀನಿ ಸದಾ. ಒಂದೇ ಸಾಲು."

"ಯಾರಿಗೆ ಗೊತ್ತು?"

"ನಿಂಗೆ."

"ಹಂಗಾದ್ರೆ ಸುಮ್ನಿರು. ಟೈರ್ ಪಂಕ್ಚರ್ ಆಯ್ತು ಅಂತೀನಿ. ನಿನ್ನ ಬಿಟ್ಟು ನಂಗ್ಯಾರೂ ಇಲ್ಲ."

ಹೇಳಬೇಕಾದ ಮಾತು ಹೇಳಬಾರದ ದಿನ ಬಾಯಿಂದ ಬಿತ್ತು. ಅವಳು ಪಟ್ಟಿ ಮಡಚಿಕೊಂಡು ಒಳಗೆ ಹೋದಳು.

ಸಂಜೆ ಮ್ಯಾನೇಜರ್ ಕೋಣೆಯಲ್ಲಿ ಬಾಲಮಣಮ್ಮನ ಮಗ ತಿರುಪತಿ ನನ್ನ ಕಾಲರ್ ಹಿಡಿದ.

"ಪಂಕ್ಚರ್ ಹಾಕಿಸೋವಾಗ ಚಾ ಕುಡೀತಾ ಕೂತಿದ್ಯೇನೋ?"

"ಹೌದಣ್ಣಾ."

ಕೆನ್ನೆಗೆ ಬಿಟ್ಟ. ಎರಡನೇ ಸಲ ಕೈಯೆತ್ತಿದಾಗ ಆಲೇಖ್ಯ ನಡುವೆ ಬಂದಳು.

"ಇವನನ್ನ ಬಿಡಿ. ಪಂಕ್ಚರ್ ಆಗೇ ಇಲ್ಲ. ನಿಮ್ಮಮ್ಮನ ಹೆಸರು ಕೊನೆಗೆ ಹೋಗಿದ್ದು ನನ್ನಿಂದ."

ತಿರುಪತಿಯ ಕೈ ಇಳಿಯಿತು. ಅವಳನ್ನು ನೋಡಿದ ಅವನ ಕಣ್ಣಿಗಿಂತ ಆ ಏಟೇ ವಾಸಿಯಾಗಿತ್ತು.

ತಪ್ಪಿಗೆ ಅವಳ ಕೆಲಸ ಹೋಯಿತು, ಸುಳ್ಳಿಗೆ ನನ್ನದು. ಹತ್ತನೇ ದಿನದ ಕರ್ಮಕ್ಕೆ ಇಬ್ಬರೂ ಬೋರಬಂಡಕ್ಕೆ ಹೋದೆವು. ತಿರುಪತಿ ನಮ್ಮನ್ನು ನೋಡಿ ಬಾಗಿಲು ಹಾಕಿಕೊಂಡ.

"ಹೋಗೋಣ್ವಾ?" ಎಂದೆ.

"ನೀನು ಹೋಗು. ಬೈಯೋಕಾದ್ರೂ ತೆಗೀತಾರೆ. ಆಗ ನಾನಿರ್ಬೇಕು."

ಬಿಸಿಲು ನೆತ್ತಿಗೆ ಬಂದಿತ್ತು. ಅವಳ ಪಕ್ಕಕ್ಕೆ ಹೋಗಿ ನಿಂತೆ. ಎಷ್ಟೋ ಹೊತ್ತಿನ ಮೇಲೆ ಅವಳ ಬೆರಳುಗಳು ನನ್ನ ಬೆರಳನ್ನು ಹುಡುಕಿಕೊಂಡು ಬಂದವು. ಬಾಗಿಲು ತೆರೆಯಲಿಲ್ಲ. ನಾವೂ ಹೋಗಲಿಲ್ಲ.