ವಾಪಸ್ ಪಡೆದ ಮಾತು

ಗಂಡ ತೀರಿಕೊಂಡ ಸುದ್ದಿ ಬಂದಾಗ ಅವಳು ಗಿರಾಕಿಯೊಬ್ಬರ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಬಗ್ಗಿಸುತ್ತಿದ್ದಳು. ಫೋನು ಕೆಳಗಿಟ್ಟು, ಕಡ್ಡಿ ಸರಿಮಾಡಿ, ಈಗ ಒತ್ತುತ್ತದೆಯೇ ಎಂದು ಕೇಳಿ, ಆಮೇಲೆ ಸ್ಟೂಲಿನ ಮೇಲೆ ಕುಳಿತಳು. ಆಫೀಸಿನ ಮೆಟ್ಟಿಲಲ್ಲಿ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲವಂತೆ.

ಅಂದು ಸಂಜೆ ಅವಳ ಕೈಕಾಲು ನಡುಗುವುದನ್ನು ಕಂಡು ನಾದಿನಿ ಡಾಕ್ಟರನ್ನು ಕರೆಸಿದಳು. ಸ್ವಲ್ಪ ದಿನದ ಮಟ್ಟಿಗೆಂದು ಅವರು ಕೊಟ್ಟ ಮತ್ತಿನ ಮಾತ್ರೆ ವರ್ಷಗಟ್ಟಲೆ ಅವಳ ತಲೆದಿಂಬಿನ ಪಕ್ಕದಲ್ಲೇ ಉಳಿಯಿತು. ಅವಳು ಅಳಲೇ ಇಲ್ಲ. ಬಂದವರು ಗಟ್ಟಿ ಜೀವ ಎಂದು ಹೊಗಳಿ ಹೋದರು. ದುಃಖವೇನೋ ಇತ್ತು. ಗೋಡೆಯಾಚೆ ಯಾರೋ ಮಾತನಾಡುವಂತೆ ಕೇಳಿಸುತ್ತಿತ್ತು, ಒಂದು ಶಬ್ದವೂ ಬಿಡಿಸಿ ತಿಳಿಯುತ್ತಿರಲಿಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸು ಉಜ್ಜುವವನೊಬ್ಬನಿದ್ದ. ಮದುವೆಯ ವಯಸ್ಸನ್ನೆಲ್ಲ ಗಾಜಿನ ಪುಡಿಯಲ್ಲೇ ಕಳೆದವನು. ನಾದಿನಿ ಅವನಿಗೆ ಗಾಜಿನಪ್ಪ ಎಂದು ಹೆಸರಿಟ್ಟಿದ್ದಳು. ಊರಿನವರ ಕನ್ನಡಕವೆಲ್ಲ ನೆಟ್ಟಗಿರುವಾಗ ಅವನದು ಮಾತ್ರ ವಾರವಾರವೂ ಸಡಿಲವಾಗುವುದೇಕೆ ಎಂಬುದು ನಾದಿನಿಯ ಪ್ರಶ್ನೆ.

ಸರಿಪಡಿಸಿಕೊಳ್ಳಲು ಬಂದಾಗಲೆಲ್ಲ ಅವನು ಕಣ್ಣು ಮುಚ್ಚಿ ಕೂರುತ್ತಿದ್ದ. ಅವಳ ಬೆರಳು ಕೆನ್ನೆಗೆ ತಾಗಿದರೆ ರೆಪ್ಪೆ ಅದುರುತ್ತಿತ್ತು. ಒಂದು ದಿನ ಅವಳು, ಕಣ್ಣು ಬಿಡದಿದ್ದರೆ ಮಟ್ಟ ನೋಡುವುದು ಹೇಗೆ ಎಂದಳು. ಅವನು ಕಣ್ಣು ಬಿಟ್ಟ, ಬಿಟ್ಟವನು ಬೇರೆಡೆ ನೋಡುವುದನ್ನು ಮರೆತ. ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರು ತಾನೇ ನಿಂತಿತು.

"ಸುಮ್‌ಸುಮ್ನೆ ಸಡಿಲ ಮಾಡ್ಕೊಂಡು ಬರೋಕೆ ಈಗ ನಂಗೇ ನಾಚಿಕೆ ಆಗತ್ತೆ," ಎಂದ. "ಜೊತೇಲೇ ಇದ್ಬಿಡೋಣ್ವಾ?"

ಎದೆ ಹಾರಬೇಕಾದ ಗಳಿಗೆ. ಅವಳ ಎದೆಯಲ್ಲಿ ಏನೂ ಅಲುಗಲಿಲ್ಲ. ಅಲುಗಲಿಲ್ಲವಲ್ಲ ಎಂಬುದು ಮಾತ್ರ ತಿಳಿಯಿತು. ಅವನ ಹತ್ತಿರ ಸುಳ್ಳು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

"ನಮ್ಮವರಿಗೋಸ್ಕರ ನಾನು ಒಂದ್ಸಲನೂ ಅತ್ತಿಲ್ಲ. ಅವರನ್ನ ಕಳಿಸಿಕೊಡದೆ ನಿಮ್ಮನ್ನ ಹೇಗೆ ಒಳಗೆ ಕರೀಲಿ?"

ಅವನು ಕಾಯುತ್ತೇನೆಂದ.

ಅಳುವನ್ನು ಕಟ್ಟಿಹಾಕಿದ್ದು ಆ ಮತ್ತಿನ ಮಾತ್ರೆಯೇ ಎನಿಸಿ, ಅದನ್ನು ಬಿಡಬೇಕೆಂದು ಮರುದಿನವೇ ಅವಳು ಡಾಕ್ಟರಮ್ಮ ಒಬ್ಬರ ಬಳಿ ಹೋದಳು. ಆಕೆ ಎಲ್ಲವನ್ನೂ ಬಿಡಿಸಿ ಹೇಳಿದರು. ಆತಂಕಕ್ಕೆಂದು ಬೇರೆ ಮಾತ್ರೆ ಶುರು ಮಾಡುವುದು, ಅದು ಮೈಗೆ ಹಿಡಿಯಲು ವಾರಗಳೇ ಬೇಕು, ಮೊದಮೊದಲು ತಳಮಳ ಹೆಚ್ಚಿದರೂ ಹೆಚ್ಚಬಹುದು. ಹಳೆಯದನ್ನು ಕೂದಲೆಳೆಯಷ್ಟೇ ಇಳಿಸುತ್ತ ಬರುವುದು. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಕುತ್ತು.

ಹೇಳಿದಂತೆಯೇ ಆಯಿತು. ಹೊಸ ಮಾತ್ರೆಗೆ ಹೊಟ್ಟೆ ತೊಳಸಿತು, ಬಾಯೆಲ್ಲ ಕಬ್ಬಿಣದ ರುಚಿ. ಎದೆ ಈಗ ಹಾರಿತು, ಆದರೆ ಯಾರನ್ನೂ ನೆನೆದಲ್ಲ. ಸಾಸಿವೆಯಂಥ ಸ್ಕ್ರೂಗಳು ಕೈಜಾರಿ ನೆಲದ ಪಾಲಾದವು. ಗಾಜಿನಪ್ಪ ಸ್ಕ್ರೂ ತಟ್ಟೆಯನ್ನು ತನ್ನ ಮೇಜಿಗೆ ಒಯ್ದ. ಯಾರಾದರೂ ಕೇಳಿದರೆ ಅಲ್ಲಿ ಬೆಳಕು ಚೆನ್ನಾಗಿದೆ ಎನ್ನುತ್ತಿದ್ದ. ಆ ಕೋಣೆಗೆ ಕಿಟಕಿಯೇ ಇರಲಿಲ್ಲ.

ಅವನು ಕಾಯುವುದನ್ನು ನೋಡಿ ಅವಳಿಗೆ ಅವಸರ ಹತ್ತಿತು. ಬೇಗ ಇಳಿಸಿದರೆ ಬೇಗ ಅಳು ಬಂದೀತು, ಅತ್ತುಬಿಟ್ಟರೆ ಉತ್ತರ ಕೊಡಬಹುದು. ಹೀಗೆಂದುಕೊಂಡು, ಯಾರಿಗೂ ಹೇಳದೆ, ಮಾತ್ರೆ ಇಳಿಸುವ ನಡುವಿನ ಮೆಟ್ಟಿಲುಗಳನ್ನು ಹಾರಿದಳು. ಒಂದು ಬೆಳಿಗ್ಗೆ ನಾದಿನಿ ನೋಡುವಾಗ ಬಚ್ಚಲ ನೆಲದಲ್ಲಿ ಬೆವರಿನಲ್ಲಿ ತೊಯ್ದು, ನಲ್ಲಿ ತೊಟ್ಟಿಕ್ಕುವ ಸದ್ದಿಗೂ ಕಿವಿ ಮುಚ್ಚಿಕೊಂಡು ಕುಳಿತಿದ್ದಳು. ಅಳು ಮಾತ್ರ ಬಂದಿರಲಿಲ್ಲ.

ಡಾಕ್ಟರಮ್ಮ ಬೈದರು, ಹಿಂದಿನ ಅಳತೆಗೇ ತಂದು ನಿಲ್ಲಿಸಿದರು, ತಾವು ಹೇಳುವವರೆಗೆ ಒಂದು ಚೂರೂ ಇಳಿಸಕೂಡದೆಂದರು. ಇಷ್ಟು ಅವಸರ ಏಕೆ ಎಂದು ಕೇಳಿದಾಗ ಅವಳು, ಒಬ್ಬರು ಕಾಯುತ್ತಿದ್ದಾರೆ ಎಂದಳು.

ಜೊತೆಗಿದ್ದ ನಾದಿನಿ ಅದನ್ನು ಹೋಗಿ ಗಾಜಿನಪ್ಪನಿಗೆ ಹೇಳಿದಳು. ಅವನು ಸಂಜೆ ಮನೆಗೆ ಬಂದು ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕುಳಿತ.

"ಅವತ್ತು ಕೇಳಿದ ಮಾತನ್ನ ವಾಪಸ್ ತಗೊಂಡಿದೀನಿ. ಈಗ ನಿಮ್ಮನ್ನ ಯಾರೂ ಕಾಯ್ತಾ ಇಲ್ಲ. ನಿಧಾನಕ್ಕೆ ಹುಷಾರಾಗಿ."

ಅಷ್ಟು ಹೇಳಿ ಎದ್ದು ಹೋದ. ಅವನು ಬೀದಿಯ ತಿರುವು ದಾಟುವವರೆಗೆ ಅವಳು ನೋಡಿದಳು.

"ಎಷ್ಟು ಜಂಭ ನೋಡು," ಎಂದಳು. "ಕೊಟ್ಟ ಮಾತನ್ನ ವಾಪಸ್ ತಗೊಳೋಕೆ ಇವರ್ಯಾರು?"

ನಾದಿನಿ ಮಡಚುತ್ತಿದ್ದ ಬಟ್ಟೆ ಬಿಟ್ಟು ಅವಳ ಮುಖ ನೋಡಿದಳು. "ಅತ್ತಿಗೆ, ನಿಮಗೆ ಕೋಪ ಬಂತು."

ಹೌದು, ಬಂದಿತ್ತು. ಇಷ್ಟು ವರ್ಷಕ್ಕೆ ಮೊದಲ ಸಲ. ಚಿಟಿಕೆಯಷ್ಟು, ಆದರೆ ತನ್ನದೇ.

ಆಮೇಲೆ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ತಿಂಗಳುಗಳು ಸಪ್ಪಗೆ ಸರಿದವು. ಹೊಸ ಮಾತ್ರೆ ಮೈಗೊಗ್ಗಿತು, ಹಳೆಯದು ಸಣ್ಣದಾಗುತ್ತ ಬಂತು. ಕೆಲವು ವಾರ ಇಳಿಸಲಾಗದೆ ನಿಂತಲ್ಲೇ ನಿಂತಳು. ಗಾಜಿನಪ್ಪ ಮಾತಿಗೆ ತಪ್ಪಲಿಲ್ಲ. ಅವನ ಕನ್ನಡಕ ಒಮ್ಮೆಯೂ ಸಡಿಲವಾಗಲಿಲ್ಲ. ಅಂಗಡಿ ಮುಚ್ಚುವಾಗ ನಾಳೆ ಬರುತ್ತೇನೆ ಎನ್ನುತ್ತಿದ್ದ, ಅಷ್ಟೇ.

ಕೊನೆಗೆ ಅವನ ಕಣ್ಣಿನ ನಂಬರೇ ಬದಲಾಗಿ ಹೊಸ ಫ್ರೇಮು ಬೇಕಾಯಿತು. ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು. ಅವಳು ಅವನ ಎದುರು ಕೂತು ಫ್ರೇಮು ಇಟ್ಟು ಮಟ್ಟ ನೋಡಿದಳು. ಅವನ ಬಲಗಿವಿ ಒಂದು ಎಳೆ ಮೇಲಿತ್ತು.

"ನಮ್ಮವರದೂ ಹೀಗೇ," ಎಂದಳು. "ಕನ್ನಡಕ ಯಾವಾಗ್ಲೂ ಸೊಟ್ಟ. ಸರಿಮಾಡೋಕೆ ಹೋದ್ರೆ, ಮನೇಲೂ ಅಂಗಡಿ ತೆರೀಬೇಡ ಮಾರಾಯ್ತಿ ಅನ್ನೋರು. ಅವತ್ತು ಬೆಳಿಗ್ಗೆನೂ ಸೊಟ್ಟ ಇತ್ತು. ನಾಳೆ ನೋಡಿದ್ರಾಯ್ತು ಅಂತ ಬಿಟ್ಟೆ."

ಅವಳ ದನಿ ಗಡುಸಾಯಿತು.

"ಎದೆ ನೋವು ಅಂತ ನಂಗೊಂದು ಮಾತು ಹೇಳ್ಬಾರ್ದಿತ್ತಾ? ಹೇಳಿದ್ರೆ ಏನು ಗಂಟು ಹೋಗ್ತಿತ್ತು ಅವರಿಗೆ?"

ಅವಳ ಕಣ್ಣು ತುಂಬಿತು. ಅವಳು ಬಿಕ್ಕಿದಳು, ಸತ್ತವರನ್ನು ಬೈದಳು, ಮತ್ತೆ ಬಿಕ್ಕಿದಳು. ಒಂದು ಕಡ್ಡಿ ಕಿವಿಯ ಮೇಲೆ, ಇನ್ನೊಂದು ಗಾಳಿಯಲ್ಲಿ, ಗಾಜಿನಪ್ಪ ಕದಲದೆ ಕುಳಿತಿದ್ದ. ಅವಳು ಹಿಡಿದುಕೊಳ್ಳಲೆಂದು ಕೈಯನ್ನು ಮೇಜಿನ ಮೇಲಿಟ್ಟ. ಅವಳು ಹಿಡಿದುಕೊಂಡಳು.

ಬಹಳ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಅವನ ಬಲಗಡೆಯ ಕಡ್ಡಿಯನ್ನು ನಿಧಾನವಾಗಿ ಬಗ್ಗಿಸಿದಳು.

"ಆ ವಾಪಸ್ ತಗೊಂಡ ಮಾತಿದೆಯಲ್ಲ," ಎಂದಳು. "ಅದು ನಂಗೆ ಬೇಕು."

"ಜೇಬಲ್ಲೇ ಇದೆ," ಎಂದ ಅವನು. ಅವನ ದನಿಯೂ ಒದ್ದೆಯಾಗಿತ್ತು.

ಆ ಸಂಜೆ ಅವಳು ಮನೆಗೆ ಹೋಗಿ, ಮುಖ ತೊಳೆದು, ದೇವರೆದುರು ಕೈಮುಗಿದು ಕೂತಳು.

ದೇವರೇ, ನಮ್ಮವರ ಆತ್ಮಕ್ಕೆ ಶಾಂತಿ ಕೊಡು. ನಾನು ಬಹಳ ತಡವಾಗಿ ಅತ್ತೆ. ಅದಕ್ಕೆಂದೇ ಅವರು ದಾರಿಯಲ್ಲೆಲ್ಲಾದರೂ ಹಿಂದಿರುಗಿ ನೋಡುತ್ತ ನಿಂತಿದ್ದರೆ, ಇನ್ನು ನಿಲ್ಲುವುದು ಬೇಡವೆಂದು ಹೇಳು. ಕೈಹಿಡಿದು ಕರೆದುಕೊಂಡು ಹೋಗು ತಂದೆ.