ಮೂಲೆಯ ಮನೆಯ ಗಸಗಸೆ

ನಾನು ಹುಡುಗಾಟದವನು ನಿಜ, ಆದರೆ ಈ ಮಾತಿನಲ್ಲಿ ಹುಡುಗಾಟವಿಲ್ಲ. ಹೋದ ವರ್ಷ, ೧೯೩೬ರ ಬೇಸಿಗೆಯಲ್ಲಿ, ಅಕ್ಕಲಕೋಟದ ನಮ್ಮ ಮನೆಯಲ್ಲೇ ನಡೆದದ್ದು.

ಅಣ್ಣ ರಾಚಪ್ಪ ತಮಿಳು ಸೀಮೆಯಿಂದ ತರಿಸಿದ ಮಣ್ಣಿನಲ್ಲಿ, ಕೋಟಿಗಟ್ಟಲೆ ವರ್ಷಗಳ ಹಿಂದೆ ಅಳಿದ ಕಡಲಜೀವಿಗಳ ಚಿಪ್ಪುಗಳಿದ್ದವು. ಅವನು ಅದನ್ನು ಕ್ರಿಟೇಶಿಯಸ್ ಕಾಲ ಎನ್ನುತ್ತಿದ್ದ. ಒಂದೊಂದು ಚಿಪ್ಪೂ ಗಸಗಸೆಯಷ್ಟು. ಅಣ್ಣನ ಹೆಂಡತಿ, ನನ್ನ ವೈನಿ ನೀಲಗಂಗಾ, ಕುಂಚದ ತುದಿಯನ್ನು ನಾಲಿಗೆಗೆ ತಾಗಿಸಿ ಅವನ್ನೆತ್ತಿ, ಸುರುಳಿಯವು, ಉದ್ದನೆಯವು ಎಂದು ಕರಿ ರಟ್ಟಿನ ಚೌಕ ಚೌಕ ಮನೆಗಳಲ್ಲಿ ಬೇರೆಬೇರೆ ಇಡುತ್ತಿದ್ದರು. ನಾನು ನಿಜವಾದ ಗಸಗಸೆ ಬೆರೆಸಿದರೆ, ಅದನ್ನು ಮೂಲೆಯ ಮನೆಯಲ್ಲಿಟ್ಟು, "ಇದು ನಮ್ಮ ಮೈದುನನ ಜಾತಿ, ಹೊಸಾದು" ಎಂದು ನಗುತ್ತಿದ್ದರು.

ವೈನಿ ತೀರಿದ ಮೇಲೆ ಅಣ್ಣ, ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಚಿಪ್ಪು ನೋಡುತ್ತಿದ್ದ ಕೋಣೆಗೆ ಬೀಗ ಹಾಕಿದ, ಮಾತೂ ಬಿಟ್ಟ. ಅವನನ್ನು ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂರಿಸಲೇಬೇಕೆಂದು ನಾನೊಂದು ಬೆಳಿಗ್ಗೆ ಕೀಲಿ ಕದ್ದು, ತಟ್ಟೆಯ ಮಣ್ಣಿಗೆ ಐದು ಕಾಳು ಗಸಗಸೆ ಬೆರೆಸಿ, ಮತ್ತೆ ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲೇ ಇಟ್ಟುಕೊಂಡೆ. ಮಧ್ಯಾಹ್ನ, ಸೊಲ್ಲಾಪುರದಲ್ಲಿ ನೋಡಿದ ಟಾಕಿ ಸಿನಿಮಾದ ಸೇನಾಪತಿಯಂತೆ ಅಣ್ಣನ ಮುಂದೆ ಎದೆ ಸೆಟೆಸಿ ನಿಂತೆ.

"ಮಹಾರಾಜ, ನಿಮ್ಮ ಸಮುದ್ರದಾಗ ವೈರಿ ಹೊಕ್ಕಾನ್ರಿ."

"ಸಾಕ್ ಬಿಡೋ ನಿನ್ನ ನಾಟಕ," ಎನ್ನುತ್ತಲೇ ಅಣ್ಣ ಎದ್ದು ಬಂದ.

ಹೊರಗೆ ನೆಲ ಸುಡುವ ಬಿಸಿಲಿದ್ದರೂ ಬೀಗ ತೆಗೆದ ಕೋಣೆ ತಣ್ಣಗಿತ್ತು. ತಟ್ಟೆಯಲ್ಲಿ ಗಸಗಸೆ ಇರಲಿಲ್ಲ. ಐದೂ ಕಾಳು ಮೂಲೆಯ ಮನೆಯಲ್ಲಿ ಸಾಲಾಗಿ ಕೂತಿದ್ದವು.

"ನೀನ ಇಟ್ಟೀಯೇನೋ?"

"ನಿನ್ನಾಣಿ ಇಲ್ಲಣ್ಣಾ."

ಅಣ್ಣ ಕುಂಚ ಮುಟ್ಟಿದ. ತುದಿ ಹಸಿಯಾಗಿತ್ತು. ಅವನು ಬೆಂಚಿನ ಒಂದು ತುದಿಗೆ ಸರಿದು, ಪಕ್ಕದಲ್ಲಿ ಜಾಗ ಬಿಟ್ಟು ಕೂತ.

"ತಮ್ಮಾ, ಇನ್ನಷ್ಟು ಗಸಗಸಿ ತಾ."

ಅಂದಿನಿಂದ ದಿನಾ ಅವನೇ ಬೆರೆಸುತ್ತಾನೆ. ಮೂಲೆಯ ಮನೆಗೆ ಮತ್ತೊಂದು ಕಾಳೂ ಬಂದಿಲ್ಲ. ಈಗ ಮತ್ತೆ ಬೇಸಿಗೆ. ಕುಂಚದ ತುದಿ ಮಾತ್ರ ಇನ್ನೂ ಒಣಗಿಲ್ಲ.