ಕತ್ತರಿಸಿದ ಏಳು ನಿಮಿಷ

ಟಕ್... ಟಕ್... ಟಕ್!

ಉರಿಗಾಂನ ಗಣಿ ಕಾರ್ಮಿಕರ ಸಾಲುಮನೆಗಳೆಲ್ಲ ನಿದ್ದೆಗೆ ಜಾರಿದ್ದ ಹೊತ್ತು. ಆದಿಲಕ್ಷ್ಮಿ ಚಿಲಕ ತೆಗೆದಳು. ಎದುರಿಗೆ ನಿಂತವನನ್ನು ಕಂಡೊಡನೆ ಅವಳ ಹುಬ್ಬು ಗಂಟಿಕ್ಕಿತು.

ಸೀನಪ್ಪ! ಟಾಕೀಸಿನಲ್ಲಿ ಸಿನಿಮಾ ಓಡಿಸುವ ಆಪರೇಟರ್. ಹದಿನೈದು ದಿನಗಳ ಹಿಂದೆ ಅವಳೇ ಮುರಿದು ಎಸೆದ ನಿಶ್ಚಿತಾರ್ಥದ ವರ.

"ಬಾ ಲಕ್ಷ್ಮಿ. ಏನೂ ಕೇಳ್ಬೇಡ, ಬಾ."

"ನಾಚ್ಕೆ ಆಗಲ್ವಾ ನಿಮ್ಗೆ? ನಿಶ್ಚಿತಾರ್ಥದ ಸೀರೆ ವಾಪಸ್ ಕಳಿಸಿದ್ನಲ್ಲ, ತಲುಪಲಿಲ್ವಾ?"

"ತಲುಪ್ತು. ಬಾ."

"ಕೂಗಿ ಇಡೀ ಲೈನನ್ನೇ ಎಬ್ಬಿಸ್ತೀನಿ ನೋಡಿ!"

"ಎಬ್ಬಿಸೇ, ಎಲ್ರೂ ಓಗಾನ" ಎಂದಿತು ಬೆನ್ನ ಹಿಂದಿನಿಂದ ಒಂದು ದನಿ. ಅಜ್ಜಿ ಮುತ್ಯಾಲಮ್ಮ! ಶಾಲು ಹೊದ್ದು, ಟಾರ್ಚು ಹಿಡಿದು ಆಗಲೇ ಸಿದ್ಧವಾಗಿದ್ದಳು. "ನಡಿ. ನಾನೂ ಬತ್ತೀನಿ."

ಅಜ್ಜಿಯ ಮಾತಿಗೆ ಎದುರಾಡಿ ಅಭ್ಯಾಸವಿರಲಿಲ್ಲ. ಆದಿಲಕ್ಷ್ಮಿ ನಡೆದಳು. ಆದರೆ ದಾರಿಯುದ್ದಕ್ಕೂ ಅವಳ ಎದೆ ಕುದಿಯುತ್ತಲೇ ಇತ್ತು.

ಎಂಟು ವರ್ಷಗಳ ಹಿಂದೆ, ವಾರಪತ್ರಿಕೆಯೊಂದರ ಮಾಯಾಲೋಕದ ಧಾರಾವಾಹಿಯನ್ನು ಅವಳು ಅಪ್ಪ ಕೆಂಪಣ್ಣನಿಗೆ ಓದಿ ಹೇಳುತ್ತಿದ್ದಳು. ಸೌದೆ ಕಡಿಯುವವನೊಬ್ಬ ತನ್ನ ಮಗಳಿಗಾಗಿ ಮಣಿದೀಪ ತರಲು ಪಾತಾಳಕ್ಕೆ ಇಳಿಯುತ್ತಾನೆ. ನೆತ್ತಿಯ ಮೇಲೆ ಬೆಟ್ಟವೇ ಕುಸಿಯುತ್ತದೆ... ಆ ವಾರ ಕಥೆ ಅಲ್ಲಿಗೆ ನಿಂತಿತ್ತು. ಮುಂದಿನ ಸಂಚಿಕೆ ಬರುವ ಮೊದಲೇ ಗಣಿಯ ಆಳದಲ್ಲಿ ಬಂಡೆ ಸಿಡಿಯಿತು. ಕೆಂಪಣ್ಣ ಮೇಲೆ ಬರಲಿಲ್ಲ. ಅವಳು ಮತ್ತೆ ಆ ಪತ್ರಿಕೆಯನ್ನು ಮುಟ್ಟಲಿಲ್ಲ.

ಕಥೆಯ ಆ ಅಪ್ಪ ಮೇಲೆ ಬಂದನೇ?

ಎಂಟು ವರ್ಷ ಕೊರೆದ ಈ ಪ್ರಶ್ನೆಯನ್ನು ಅವಳು ಸೀನಪ್ಪನೊಬ್ಬನಿಗೇ ಹೇಳಿಕೊಂಡಿದ್ದಳು. ಕಥೆ ಸಿನಿಮಾ ಆಗಿ ಊರಿಗೆ ಬಂದಾಗ, "ನನ್ ಕೈಯಾರೆ ತೋರಿಸ್ತೀನಿ" ಎಂದು ಅವನು ಮಾತು ಕೊಟ್ಟಿದ್ದ.

ತೋರಿಸಿದ್ದೇನು? ಅಪ್ಪ ಪಾತಾಳಕ್ಕೆ ಇಳಿದ. ಪರದೆ ಒಮ್ಮೆ ಜಿಗಿಯಿತು. ಮರುಕ್ಷಣವೇ ಮಗಳ ಮದುವೆ!

ರಾತ್ರಿ ಪಾಳಿಯ ಸೈರನ್ ಕೂಗುವುದರೊಳಗೆ ಆಟ ಮುಗಿಸಲು ರೀಲು ಕತ್ತರಿಸುವುದು ಈ ಊರಿಗೆ ಹೊಸತಲ್ಲ. ಹೋದರೆ ಒಂದು ಹಾಡು, ಒಂದು ಹೊಡೆದಾಟ ಹೋಗುತ್ತಿತ್ತು. ಇದನ್ನೇ ಏಕೆ? "ಕತ್ತರಿ ಹಾಕಿದ್ದು ನೀವೇನಾ?" ಎಂದು ಕೇಳಿದಾಗ ಸೀನಪ್ಪ "ನಾನೇ" ಎಂದಿದ್ದ. ಏಕೆಂದು ಮಾತ್ರ ಹೇಳಲಿಲ್ಲ.

'ದ್ರೋಹಿ!' ಅವಳ ಮನಸ್ಸು ಈಗಲೂ ಹಲ್ಲು ಕಡಿಯಿತು.

ಟಾಕೀಸಿನ ಬೆಂಚುಗಳೆಲ್ಲ ಖಾಲಿ.

"ಬೆಳಗಿನ ರೈಲಿಗೆ ಮಾರಿಕುಪ್ಪಂನಿಂದ ಈ ಸಿನಿಮಾ ಪ್ರಿಂಟು ವಾಪಸ್ ಓಗುತ್ತೆ" ಎಂದ ಸೀನಪ್ಪ. "ಕತ್ತರಿಸಿದ್ ಏಳು ನಿಮಿಷದ ತುಂಡೆಲ್ಲ ಅಂಟಿಸಿಯೇ ಕಳಿಸ್ಬೇಕು. ಸಂಜೆಯಿಂದ ಕೂತು ಅಂಟಿಸಿದೀನಿ. ನಮ್ಮೂರಲ್ಲಿ ಇದನ್ನ ಪೂರ್ತಿ ನೋಡೋಕೆ ಉಳಿದಿರೋದು ಇದೊಂದೇ ರಾತ್ರಿ."

"ಕಿತ್ತುಕೊಂಡು ಕೊಡೋದಕ್ಕೆ ದಾನ ಅನ್ನಲ್ಲ!"

ಅವನು ಯಂತ್ರದ ಕೋಣೆಯ ಮೆಟ್ಟಿಲು ಹತ್ತಿದ. ಪರದೆ ಬೆಳಗಿತು.

ಸೌದೆಯವನು ಪಾತಾಳಕ್ಕೆ ಇಳಿದ. ಬೆಟ್ಟ ಇನ್ನೂ ಅಲುಗಿಯೇ ಇರಲಿಲ್ಲ... ಹಿಂದಿನ ಬೆಂಚಿನಲ್ಲಿ ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಬಂಡೆಗಳು ಉರುಳಿದವು. ಮಗಳು ಬರಿಗೈಯಲ್ಲಿ ಕಲ್ಲು ಕೆದಕಿದಳು. ಬಿರುಕಿನಿಂದ ಒಂದು ಕೈ ಮೇಲೆ ಬಂತು, ಕೈಯಲ್ಲಿ ಮಣಿದೀಪ. "ಬಿಸಿಯಾಗಿದೆ ಮಗಳೇ, ಜೋಪಾನ" ಎಂದಿತು ಒಳಗಿನ ದನಿ. ಕೈ ಮರೆಯಾಯಿತು.

ಅವನು ಮೇಲೆ ಬರಲಿಲ್ಲ.

"ಸುಳ್ಳು!" ಆದಿಲಕ್ಷ್ಮಿ ಎದ್ದು ನಿಂತು ಪರದೆಗೆ ಕೂಗಿದಳು. "ಎಲ್ಲಾ ಸುಳ್ಳು! ಯಾವ ಅಪ್ಪಂಗೆ ಇಷ್ಟು ಹೊತ್ತು ಸಿಗುತ್ತೆ? ನಮ್ಮಪ್ಪಂಗೆ ಸಿಗ್ಲಿಲ್ವಲ್ಲ!"

ಪಾಳಿಗೆ ಹೊರಡುವ ಮುನ್ನ ಕೆಂಪಣ್ಣ ಚಹಾದ ಲೋಟವನ್ನು ಅವಳತ್ತ ಸರಿಸುತ್ತಿದ್ದ. ಬಿಸಿ ಐತೆ, ಜೋಪಾನ ಕಣವ್ವಾ... ಎಂಟು ವರ್ಷ ಹಟ ಹಿಡಿದಿದ್ದ ಕಣ್ಣೀರು ಒಮ್ಮೆಲೇ ಕಟ್ಟೆಯೊಡೆಯಿತು!

ಸೀನಪ್ಪ ಯಂತ್ರ ನಿಲ್ಲಿಸಿ ಓಡಿ ಬಂದ. ಅವಳು ಅವನ ಅಂಗಿಯನ್ನು ಹಿಡಿದು ಜಗ್ಗಿದಳು.

"ನಾನು ಅಳ್ತೀನಿ ಅಂತ ಕತ್ತರಿಸಿದ್ರಾ?"

"ನಿನ್ನ ಅಳು ಕತ್ತರಿಸೋಕೆ ನಾನ್ಯಾರು? ಕತ್ತರಿಸು ಅಂದೋರ್ಗೆ ಬ್ಯಾಡ ಅಂದೆ. ಕಾಲು ಹಿಡಿಯಕ್ಕೆ ಬಂದ್ರು. ಹೆಸರು ಹೇಳಲ್ಲ ಅಂತ ಮಾತು ಕೊಟ್ಟೆ."

"ನಾನು ಬೈದಾಗ್ಲೂ ಬಾಯಿ ಬಿಡ್ಲಿಲ್ಲ..."

"ಬೈಯೋಳು ನೀನಲ್ವಾ? ತಡ್ಕೊಬೌದು."

ಅಳುವಿನ ನಡುವೆಯೂ ಅವಳಿಗೆ ಮತ್ತೆ ಸಿಟ್ಟು ಬಂತು. "ನಿಮ್ಮನ್ನ ಮದ್ವೆ ಆಗಲ್ಲ ಅಂದಿದ್ನಲ್ಲ, ಆ ಮಾತನ್ನ ಕತ್ತರಿಸಿ ಬಿಸಾಕಿ. ಅದನ್ನ ಮಾತ್ರ ಅಂಟಿಸ್ಬೇಡಿ!"

"ಸೀರೆ?"

"ನಾಳೆ ತಂದ್ಕೊಡಿ. ಆದ್ರೆ ಯಾರು ಅಂತ ಈಗ್ಲೇ ಹೇಳಿ!"

ಸೀನಪ್ಪ ಮತ್ತೆ ಮೆಟ್ಟಿಲತ್ತ ತಿರುಗಿದ.

ಹಿಂದಿನ ಬೆಂಚು ಕಿರುಗುಟ್ಟಿತು.

"ಅವನ್ನ ಬಿಡೇ... ಮೊದಲ್ನೇ ದಿನವೇ ನೋಡಿ ಎದೆ ಒಡ್ಕಂಡು, ಕತ್ತರಿ ಆಕ್ಸಿದ್ದು ನಿಮ್ಮಪ್ಪನ ಎತ್ತವ್ವ, ಈ ಮುತ್ಯಾಲಮ್ಮ."